ಫ್ರೀಜರಿಗೆ ಹೋಗುವ ಹಣ್ಣು

ಸಮುದ್ರದ ಗಾಳಿ ಠಾಣೆಯ ಖಾರಿ ದಾಟುವಷ್ಟರಲ್ಲೇ ಬಿಸಿಯಾಗಿರುತ್ತದೆ. ಡೊಂಬಿವ್ಲಿ, ಕಲ್ಯಾಣ, ಉಲ್ಹಾಸನಗರ, ಬದ್ಲಾಪುರ ಎಂದು ಲೋಕಲ್ ರೈಲು ಒಳನಾಡಿಗೆ ಸರಿದಂತೆ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಕಾವೇರುತ್ತಲೇ ಹೋಗುತ್ತದೆ. ಕೊಲಾಬಾದ ಜನ ಬೆವರು ಒರೆಸಿಕೊಳ್ಳುವ ದಿನ ಇಲ್ಲಿ ತಾಪಮಾನ 40 ಡಿಗ್ರಿ ದಾಟಿರುತ್ತದೆ. ಅಂಥ ಹೊತ್ತಿನಲ್ಲಿ ಶಾಲೆಗೆ ರಜೆ ಇರುವ ಮಕ್ಕಳು ಅಡುಗೆಮನೆಯಲ್ಲಿ ಪದೇಪದೇ ಫ್ರಿಜ್ಜಿನ ಬಾಗಿಲು ತೆಗೆದು ನಿಲ್ಲುವುದು, ಒಳಗಿಂದ ಯಾರೋ ಬಾಗಿಲು ಮುಚ್ಚು ಎಂದು ಕೂಗುವುದು ಎಲ್ಲ ಮನೆಯಲ್ಲೂ ಇದ್ದದ್ದೇ.

ತಂಪಿಗೆ ಈ ಊರುಗಳಲ್ಲಿ ಬರವಿಲ್ಲ. ಉಲ್ಹಾಸನಗರ ಹುಟ್ಟಿದ್ದೇ ಬಿಸಿಲಿಗೆ ಬಂದು ಬಿದ್ದ ಜನರಿಂದ. ಎರಡನೇ ಮಹಾಯುದ್ಧದ ಕಾಲದ ಕಲ್ಯಾಣದ ಸೇನಾ ಶಿಬಿರಕ್ಕೆ 1947ರ ದೇಶ ವಿಭಜನೆಯ ನಂತರ ಸಿಂಧಿ ನಿರಾಶ್ರಿತರು ಬಂದರು. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ರಾಜಾಜಿಯವರು ಅದನ್ನು ಊರಾಗಿಸಿ, ಪಕ್ಕದ ಉಲ್ಹಾಸ್ ನದಿಯ ಹೆಸರಿಟ್ಟರು. ಇವತ್ತಿಗೂ ಜನ ವಿಳಾಸ ಹೇಳುವುದು ಒಂದನೇ ಕ್ಯಾಂಪು, ಐದನೇ ಕ್ಯಾಂಪು ಎಂದೇ. ಸಿಂಧಿಗಳು ತಮ್ಮ ಜೊತೆ ಫಾಲೂದಾ, ಕುಲ್ಫಿ, ಬಾದಾಮಿ-ಗಸಗಸೆ ಅರೆದು ಮಾಡುವ ಥಾದಲ್ ತಂದರು. ಬೀದಿಯಲ್ಲಿ ಗೋಲಾ ಇದೆ. ಪ್ಲಾಸ್ಟಿಕ್ ಕೊಳವೆಯಲ್ಲಿ ಬಣ್ಣದ ನೀರು ಹೆಪ್ಪುಗಟ್ಟಿಸಿ ಮಾರುವ ‘ಪೆಪ್ಸಿ’ಯೂ ಇದೆ. ಆದರೆ ಗೋಲಾದ ಮಂಜು ಯಾವ ನೀರಿನದು ಎಂದು ಕೇಳಿದರೆ ಗಾಡಿಯವನಿಗೂ ಗೊತ್ತಿರುವುದಿಲ್ಲ. ಮೀನು, ಹೆಣ ಇಡಲು ಬಳಸುವ ಮಂಜುಗಡ್ಡೆ ತಿನ್ನುವ ಮಂಜಿನ ಜೊತೆ ಬೆರೆಯಬಾರದೆಂದು, ತಿನ್ನಲಾಗದ ಮಂಜಿಗೆ ನೀಲಿ ಬಣ್ಣ ಹಾಕಲೇಬೇಕು ಎಂಬ ನಿಯಮ ಮಹಾರಾಷ್ಟ್ರದಲ್ಲಿ 2018ರ ಜೂನ್‌ನಿಂದ ಬಂತು. ಒಳ್ಳೆಯ ನಿಯಮ. ಅದಕ್ಕಿಂತ ಒಳ್ಳೆಯದು ಮನೆಯಲ್ಲಿ ಕುದಿಸಿ ಆರಿಸಿದ ನೀರು, ಕಣ್ಣಾರೆ ಆರಿಸಿ ತಂದ ಹಣ್ಣು.

ಮನೆಯಲ್ಲಿ ಮಾಡಲು ಹೊರಟವರ ಮೊದಲ ಅನುಭವ ಸಾಮಾನ್ಯವಾಗಿ ಒಂದೇ. ಮಾವಿನ ರಸ ತೆಗೆದು ಡಬ್ಬಿಗೆ ಸುರಿದು ಫ್ರೀಜರಿನಲ್ಲಿಡುತ್ತಾರೆ. ಮರುದಿನ ತೆಗೆದರೆ ಕಲ್ಲು. ಚಮಚ ಬಾಗುತ್ತದೆಯೇ ಹೊರತು ರಸ ಜಗ್ಗುವುದಿಲ್ಲ. ಯಂತ್ರ ಇಲ್ಲದೆ ಇದೆಲ್ಲ ಆಗುವುದಲ್ಲ ಎಂದು ಅಲ್ಲಿಗೆ ಕೈಬಿಡುತ್ತಾರೆ. ಇಲ್ಲಿ ಯಂತ್ರದ ತಪ್ಪು ಅರ್ಧದಷ್ಟೂ ಇಲ್ಲ. ಸಕ್ಕರೆಯ ಲೆಕ್ಕ ತಪ್ಪಿರುತ್ತದೆ, ಅಷ್ಟೆ.

ಶುದ್ಧ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಸಕ್ಕರೆ ಕರಗಿದ ನೀರು ಇನ್ನೂ ಕೆಳಗೆ, ಸುಮಾರು ಮೈನಸ್ 2 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟತೊಡಗುತ್ತದೆ. ಇಷ್ಟು ಸಣ್ಣ ವ್ಯತ್ಯಾಸದಿಂದ ಏನಾದೀತು ಎನಿಸಬಹುದು. ಆಟ ಶುರುವಾಗುವುದೇ ಆಮೇಲೆ. ಮೊದಲು ಮಂಜಾಗುವುದು ಬರೀ ನೀರು. ಸಕ್ಕರೆ ಅದರೊಳಗೆ ಹೋಗುವುದಿಲ್ಲ. ಹಾಗಾಗಿ ಉಳಿದ ರಸ ಇನ್ನಷ್ಟು ಸಿಹಿಯಾಗುತ್ತದೆ, ಅದು ಹೆಪ್ಪುಗಟ್ಟಲು ಇನ್ನಷ್ಟು ಚಳಿ ಬೇಕಾಗುತ್ತದೆ. ಅಷ್ಟರಲ್ಲಿ ಇನ್ನೊಂದಿಷ್ಟು ನೀರು ಮಂಜಾಗುತ್ತದೆ, ಉಳಿದದ್ದು ಮತ್ತೂ ದಪ್ಪ ಪಾಕವಾಗುತ್ತದೆ. ಹೀಗೆ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲೂ ಒಂದು ಪಾಲು ಪಾಕ ಹೆಪ್ಪುಗಟ್ಟದೆ ಉಳಿದು, ಮಂಜಿನ ಹರಳುಗಳ ನಡುವೆ ಹರಿದಾಡುತ್ತಿರುತ್ತದೆ. ಚಮಚ ಇಳಿಯುವುದು ಆ ಪಾಕದಿಂದಾಗಿ. ಸಿಹಿ ಬೇಡವೆಂದು ಸಕ್ಕರೆ ಕಡಿಮೆ ಮಾಡಿದರೆ ಸಿಹಿ ಕಡಿಮೆಯಾಗುವುದರ ಜೊತೆಗೆ ಮೆದುತನವೂ ಹೋಗುತ್ತದೆ.

ಹಾಲಿಲ್ಲದ ಹಣ್ಣಿನ ಮಂಜಿಗೆ, ಅಂದರೆ ಸಾರ್ಬೆಟ್‌ಗೆ, ಒಟ್ಟು ತೂಕದ ಕಾಲು ಭಾಗದಿಂದ ಶೇ 30ರವರೆಗೆ ಸಕ್ಕರೆ ಇರಬೇಕು. ಇದರಲ್ಲಿ ಹಣ್ಣಿನದೇ ಸಕ್ಕರೆಯೂ ಸೇರಿದೆ ಎಂಬುದನ್ನು ಮರೆಯಬಾರದು. ಚೆನ್ನಾಗಿ ಮಾಗಿದ ಮಾವಿನ ರಸದಲ್ಲಿ ಶೇ 16-18ರಷ್ಟು ಸಕ್ಕರೆ ಆಗಲೇ ಇರುತ್ತದೆ; ಅರ್ಧ ಕಿಲೋ ರಸಕ್ಕೆ 65-70 ಗ್ರಾಂ, ಅಂದರೆ ಐದು ದೊಡ್ಡ ಚಮಚ ಸೇರಿಸಿದರೆ ಸಾಕು. ಕಲ್ಲಂಗಡಿಯಲ್ಲಿ ಬಹುಪಾಲು ನೀರೇ, ಸಕ್ಕರೆ ಶೇ 8ರಷ್ಟು. ಅದೇ ಅರ್ಧ ಕಿಲೋಗೆ 130 ಗ್ರಾಂ ಬೇಕಾಗುತ್ತದೆ. ಅಷ್ಟು ಸಕ್ಕರೆ ಹಾಕಿ ಕಲ್ಲಂಗಡಿ ತಿನ್ನುವುದಕ್ಕಿಂತ ಅದನ್ನು ಹಾಗೇ ಹೋಳು ಮಾಡಿ ತಿನ್ನುವುದೇ ಮೇಲು. ಅಳೆಯಲು ಉಪಕರಣ ಬೇಕೆಂದಿಲ್ಲ. ಫ್ರೀಜರಿಗಿಡುವ ಮೊದಲು ರುಚಿ ನೋಡಿದಾಗ, ಇದು ಕುಡಿಯಲು ಸ್ವಲ್ಪ ಅತಿಯೇ ಆಯಿತು ಎನಿಸಬೇಕು. ಹಾಗನಿಸಿದರೆ ಸರಿಯಾಗಿದೆ. ಮೊಟ್ಟೆ ತಿನ್ನುವ ಮನೆಯಲ್ಲಿ ಹಳೆಯ ಪರೀಕ್ಷೆಯೊಂದಿದೆ: ಸೋಸಿದ ರಸದಲ್ಲಿ ತೊಳೆದ ತಾಜಾ ಮೊಟ್ಟೆ ತೇಲಿಬಿಟ್ಟರೆ ನಾಣ್ಯದಷ್ಟು ಅಗಲದ ಚಿಪ್ಪು ಮೇಲೆ ಕಾಣಬೇಕು. ಪೂರ್ತಿ ಮುಳುಗಿದರೆ ಸಕ್ಕರೆ ಸಾಲದು.

ಅಂಗಡಿಯ ಐಸ್‌ಕ್ರೀಮಿನಲ್ಲಿ ಇನ್ನೊಂದು ವಸ್ತು ಇರುತ್ತದೆ, ಅದಕ್ಕೂ ನಾವು ದುಡ್ಡು ಕೊಡುತ್ತೇವೆ: ಗಾಳಿ. ಕಡೆಯುವ ಯಂತ್ರ ಹೆಪ್ಪುಗಟ್ಟಿಸುತ್ತಲೇ ಗಾಳಿ ಸೇರಿಸುತ್ತದೆ. ನಮ್ಮ ಆಹಾರ ಸುರಕ್ಷತಾ ನಿಯಮದ ಪ್ರಕಾರ ಒಂದು ಲೀಟರ್ ಐಸ್‌ಕ್ರೀಮು 525 ಗ್ರಾಂಗಿಂತ ಕಡಿಮೆ ತೂಗುವಂತಿಲ್ಲ. ಅಂದರೆ ಅರ್ಧದಷ್ಟು ಗಾಳಿ ಇದ್ದರೂ ನಡೆದೀತು. ಮನೆಯಲ್ಲಿ ಮಾಡಿದ್ದರಲ್ಲಿ ಗಾಳಿ ಕಡಿಮೆ, ಹಣ್ಣು ಹೆಚ್ಚು. ಅದಕ್ಕೇ ಒಂದು ಸಣ್ಣ ಬಟ್ಟಲು ತಿಂದರೆ ಹೊಟ್ಟೆ ತುಂಬಿದ ಹಾಗಾಗುತ್ತದೆ. ಆ ಗಾಳಿಯ ಕೊರತೆಯನ್ನು ತಕ್ಕಮಟ್ಟಿಗೆ ಮಿಕ್ಸಿ ತುಂಬುತ್ತದೆ. ಅಗಲವಾದ ಸ್ಟೀಲ್ ಡಬ್ಬಿಯಲ್ಲಿ ರಸವನ್ನು ಒಂದು ಬೆರಳಿನ ದಪ್ಪಕ್ಕಿಂತ ಹೆಚ್ಚಾಗದಂತೆ ಹರಡಿ. ತೆಳುವಾದಷ್ಟೂ ಬೇಗ ಹೆಪ್ಪುಗಟ್ಟುತ್ತದೆ, ಬೇಗ ಹೆಪ್ಪುಗಟ್ಟಿದಷ್ಟೂ ಹರಳು ಸಣ್ಣ. ಹರಳು 0.05 ಮಿಲಿಮೀಟರ್‌ಗಿಂತ ದೊಡ್ಡದಾದರೆ ನಾಲಿಗೆಗೆ ಮರಳಿನಂತೆ ತಾಗುತ್ತದೆ, ಅದಕ್ಕಿಂತ ಸಣ್ಣದಾದರೆ ರೇಷ್ಮೆ. ಅಂಚು ಗಟ್ಟಿಯಾಗಿ ನಡು ಇನ್ನೂ ತೆಳುವಾಗಿರುವಾಗ ಒಮ್ಮೆ ತೆಗೆದು ಮಿಕ್ಸಿಯಲ್ಲಿ ತಿರುಗಿಸಿ ಮತ್ತೆ ಇಡಿ. ಸಾಧ್ಯವಾದರೆ ಇನ್ನೊಮ್ಮೆ. ಇಡುವುದು ರಾತ್ರಿ ಊಟವಾದ ಮೇಲೆ. ಹಗಲಿನಲ್ಲಿ ನೀರಿನ ಬಾಟಲಿಗೆಂದು ಬಾಗಿಲು ತೆಗೆದು ಹಾಕುತ್ತಿದ್ದರೆ ಒಂದೇ ಬಾಗಿಲಿನ ಚಿಕ್ಕ ಫ್ರಿಜ್ಜು ಎಂದೂ ಸಾಕಷ್ಟು ತಣ್ಣಗಾಗುವುದಿಲ್ಲ.

ಈ ಲೆಕ್ಕಗಳೆಲ್ಲ ಯಾರಿಗಾದರೂ ಬರುತ್ತವೆ. ಕಷ್ಟದ್ದು ಹಣ್ಣಿನ ಆಯ್ಕೆ. ಅದನ್ನು ಮುಂಬೈಗೆ ತೋರಿಸಿಕೊಟ್ಟವರು ನಮ್ಮ ಕರಾವಳಿಯವರು. ಮುಲ್ಕಿಯ ಹಣ್ಣಿನ ವ್ಯಾಪಾರಿಯೊಬ್ಬರ ಮಗ ರಘುನಂದನ್ ಶ್ರೀನಿವಾಸ್ ಕಾಮತ್ ಹುಡುಗನಾಗಿದ್ದಾಗಲೇ ಮುಂಬೈಗೆ ಬಂದು ಅಣ್ಣನ ಹೋಟೆಲಿನಲ್ಲಿ ದುಡಿದರು. 1984ರ ಫೆಬ್ರವರಿ 14ರಂದು ಜುಹುವಿನಲ್ಲಿ ತಮ್ಮದೇ ಚಿಕ್ಕ ಐಸ್‌ಕ್ರೀಮ್ ಅಂಗಡಿ ತೆರೆದರು. ಬರೀ ಐಸ್‌ಕ್ರೀಮಿಗೆ ಜನ ಬರುವುದಿಲ್ಲವೆಂದು ಮೊದಲಿಗೆ ಪಾವ್‌ಭಾಜಿಯನ್ನೂ ಮಾರಿದರು. ಖಾರ ತಿಂದವರು ತಂಪು ಕೇಳುತ್ತಾರೆ ಎಂಬ ಲೆಕ್ಕ ಸರಿಯಾಗಿತ್ತು. ನ್ಯಾಚುರಲ್ಸ್ ಎಂಬ ಆ ಹೆಸರನ್ನು ಈಗ ದೇಶದ ಹಲವು ಊರುಗಳು ಬಲ್ಲವು. ಹಾಲು, ಸಕ್ಕರೆ, ಹಣ್ಣು, ಇಷ್ಟೇ ಅವರ ಸೂತ್ರ. ಸೀತಾಫಲವನ್ನೂ ಎಳನೀರಿನ ಗಂಜಿಯನ್ನೂ ಐಸ್‌ಕ್ರೀಮಾಗಿ ತಿನ್ನಬಹುದೆಂದು ಜನರಿಗೆ ರೂಢಿ ಮಾಡಿಸಿದರು. ಯಾವ ಹಣ್ಣು ಇವತ್ತು ಮಾಗಿದೆ, ಯಾವುದಕ್ಕೆ ಇನ್ನೆರಡು ದಿನ ಬೇಕು ಎಂಬುದನ್ನು ಅವರು ಕಲಿತದ್ದು ತಂದೆಯ ಜೊತೆ ಹಣ್ಣು ಆರಿಸುತ್ತಾ. 2024ರ ಮೇ ತಿಂಗಳಲ್ಲಿ ತಮ್ಮ 70ನೇ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳು ಹಣ್ಣಿನ ವ್ಯಾಪಾರಿಯ ಮಗ ಎಂದು ಬರೆದವು. ಅವರ ಅಂಗಡಿಗಿಂತ ಒಂಬತ್ತು ವರ್ಷ ಮೊದಲು, 1975ರಲ್ಲಿ, ಮಂಗಳೂರಿನಲ್ಲಿ ಪ್ರಭಾಕರ ಕಾಮತ್ ಐಡಿಯಲ್ ಐಸ್‌ಕ್ರೀಮ್ ಶುರುಮಾಡಿದ್ದರು. ಉದ್ದ ಗಾಜಿನ ಲೋಟದಲ್ಲಿ ಜೆಲ್ಲಿ, ಹಣ್ಣು, ಐಸ್‌ಕ್ರೀಮು ಪದರ ಪದರವಾಗಿ ಬರುವ ಗಡ್‌ಬಡ್ ತಿನ್ನದೆ ಊರಿಂದ ಹೊರಡುವ ಮುಂಬೈ ಕನ್ನಡಿಗರು ಕಡಿಮೆ.

ಹಣ್ಣು ಆರಿಸುವಾಗ ನನ್ನ ಅಭಿಪ್ರಾಯ ಬಹಳಷ್ಟು ಮನೆಗಳ ಅಭಿಪ್ರಾಯಕ್ಕೆ ವಿರುದ್ಧ. ಒಳ್ಳೆಯ ಹಾಪೂಸ್ ಮಾವನ್ನು ಫ್ರೀಜರಿಗೆ ಹಾಕಬಾರದು. ಚಳಿಯಲ್ಲಿ ನಾಲಿಗೆ ಸಿಹಿಯನ್ನು ಅರ್ಧಂಬರ್ಧ ಮಾತ್ರ ಹಿಡಿಯುತ್ತದೆ. ಪರಿಮಳ ಮೂಗಿಗೆ ಏರಬೇಕಾದರೆ ಅದು ಆವಿಯಾಗಬೇಕು, ತಣ್ಣಗಿದ್ದರೆ ಆವಿಯಾಗುವುದು ಬಹಳ ಕಡಿಮೆ. ಹಾಪೂಸಿಗೆ ದುಡ್ಡು ಕೊಡುವುದೇ ಆ ಪರಿಮಳಕ್ಕೆ. 2018ರಲ್ಲಿ ಭೌಗೋಳಿಕ ಸೂಚಕ ಪಡೆದ ಕೊಂಕಣದ ಹಾಪೂಸಿನ ವ್ಯಾಪ್ತಿಯಲ್ಲಿ ರತ್ನಾಗಿರಿ, ಸಿಂಧುದುರ್ಗಗಳ ಜೊತೆ ನಮ್ಮ ಠಾಣೆ ಜಿಲ್ಲೆಯೂ ಇದೆ. ಅಂಥ ಹಣ್ಣನ್ನು ಕೋಣೆಯ ಬಿಸಿಯಲ್ಲೇ, ಕೈಗೆ ರಸ ಇಳಿಸಿಕೊಂಡು ತಿನ್ನಬೇಕು. ಹೆಪ್ಪುಗಟ್ಟಿಸಲು ನವಿ ಮುಂಬೈನ ವಾಶಿ ಮಾರುಕಟ್ಟೆಗೆ ಕರ್ನಾಟಕದಿಂದ ಬರುವ ಹಾಪೂಸ್ ಬಹಳ ಚೆನ್ನ. ಬೆಲೆ ಕಡಿಮೆ, ನಾರಿಲ್ಲ, ರಸಕ್ಕೆ ಬಣ್ಣವಿದೆ. ಅದನ್ನು ಕೊಂಕಣದ ದೇವಗಡದ ಪೆಟ್ಟಿಗೆಯಲ್ಲಿ ತುಂಬಿ ದುಬಾರಿಗೆ ಮಾರುವ ಚಾಳಿಯೂ ಉಂಟು. ನಮ್ಮ ನೆಲದ ಹಣ್ಣನ್ನು ಅದರದೇ ಹೆಸರಿನಲ್ಲಿ ಮಾರಿದರೆ ಕೊಳ್ಳುವವರು ಖುಷಿಯಿಂದ ಕೊಳ್ಳುತ್ತಾರೆ. ಮಾವಿನ ರಸಕ್ಕೆ ಒಂದು ನಿಂಬೆ ಹಿಂಡಿ, ಚಿಟಿಕೆ ಉಪ್ಪು ಹಾಕಿ. ಚಳಿಯಲ್ಲಿ ಮಂಕಾದ ರುಚಿಯನ್ನು ಹುಳಿ ಎಬ್ಬಿಸುತ್ತದೆ.

ಈ ಭಾಗದಲ್ಲಿ ಫ್ರೀಜರಿಗೆ ಹೇಳಿಮಾಡಿಸಿದ ಹಣ್ಣೆಂದರೆ ನೇರಳೆ. ಹುಳಿ, ಸಿಹಿ, ಒಗರು ಮೂರೂ ಇರುವ ಹಣ್ಣು ಚಳಿಗೆ ಸೋಲುವುದಿಲ್ಲ. ಸಿಹಿ ಸ್ವಲ್ಪ ತಗ್ಗಿದರೂ ಉಳಿದೆರಡು ನಾಲಿಗೆಯನ್ನು ಹಿಡಿದಿಡುತ್ತವೆ. ಬದ್ಲಾಪುರದ ಜಾಂಭೂಳಕ್ಕೆ ಇಲ್ಲಿ ದೊಡ್ಡ ಹೆಸರು. ಪಾಲ್ಘರ್ ಜಿಲ್ಲೆಯ ಬಹಡೋಲಿ ನೇರಳೆಗಂತೂ ಭೌಗೋಳಿಕ ಸೂಚಕವೇ ಸಿಕ್ಕಿದೆ. ಮೇ ಕೊನೆಗೆ, ಜೂನ್ ಶುರುವಿಗೆ ಕರ್ಜತ್, ಮುರ್ಬಾಡ್ ಕಡೆಯ ಠಾಕೂರ್, ಕಾತ್ಕರಿ ಆದಿವಾಸಿ ಹೆಂಗಸರು ಬುಟ್ಟಿ ಹೊತ್ತು ಸ್ಟೇಷನ್ನುಗಳ ಹೊರಗೆ ಕೂರುತ್ತಾರೆ. ನೇರಳೆಗೂ ಮೊದಲು ಅವರ ಬುಟ್ಟಿಯಲ್ಲಿ ಕರ್ವಂದ ಇರುತ್ತದೆ, ನಮ್ಮೂರ ಕಾಡಿನ ಕರಂಡೆ ಹಣ್ಣು. ಎಲೆಯ ದೊನ್ನೆಯಲ್ಲಿ ಕೊಡುವ ಆ ಹಣ್ಣನ್ನು ಯಾರೂ ಬೆಳೆಸಿದ್ದಲ್ಲ, ಬೆಟ್ಟದ ಮುಳ್ಳುಪೊದೆಯಿಂದ ಬೆಳಗಿನ ಜಾವ ಬಿಡಿಸಿ ತಂದದ್ದು. ಚೌಕಾಶಿ ಮಾಡದೆ ಕೊಂಡುಕೊಳ್ಳಬೇಕಾದ ಹಣ್ಣುಗಳಲ್ಲಿ ಇವು ಮೊದಲನೆಯವು.

ನೇರಳೆಯನ್ನು ಮಿಕ್ಸಿಗೆ ಹಾಕುವ ಆಸೆ ಬೇಡ, ಬೀಜ ಒಡೆದರೆ ಕಹಿ. ಒಂದು ಕಿಲೋ ಹಣ್ಣು ತೊಳೆದು ಅಗಲ ಸ್ಟೀಲ್ ಪಾತ್ರೆಗೆ ಹಾಕಿ, ಅರ್ಧ ಚಮಚ ಉಪ್ಪು, 100 ಗ್ರಾಂ ಸಕ್ಕರೆ ಉದುರಿಸಿ ಅರ್ಧ ಗಂಟೆ ಬಿಡಿ. ಸಕ್ಕರೆ ಹಣ್ಣಿನ ನೀರನ್ನು ಹೊರಗೆಳೆದು, ತಳದಲ್ಲಿ ಕಡುನೇರಳೆ ರಸ ಕೂಡುತ್ತದೆ, ಸಿಪ್ಪೆ ಸಡಿಲವಾಗುತ್ತದೆ. ಆಮೇಲೆ ಕೈಯಿಂದಲೇ ಹಿಸುಕಬೇಕು. ಹೆಬ್ಬೆರಳಿನಡಿ ತಿರುಳು ಜಾರಿ ಬೀಜ ಬೇರೆಯಾಗುವುದು ಗೊತ್ತಾಗುತ್ತದೆ. ಸಿಪ್ಪೆಯನ್ನು ಎಸೆಯದೆ ಚೆನ್ನಾಗಿ ಕಿವುಚಿ, ಬಣ್ಣ ಇರುವುದೆಲ್ಲ ಅದರಲ್ಲಿ. ತೂತಿನ ಜರಡಿಯಲ್ಲಿ ಸೋಸಿ ತಿರುಳನ್ನು ಚಮಚದ ಬೆನ್ನಿನಿಂದ ಒತ್ತಿ ಇಳಿಸಿದರೆ ಸುಮಾರು ಅರ್ಧ ಕಿಲೋ ಗಟ್ಟಿ ರಸ ಬರುತ್ತದೆ. ಇದಕ್ಕೆ ನಿಂಬೆ ಹಿಂಡುವ ಕ್ಷಣವನ್ನು ಮಕ್ಕಳಿಗೆ ತೋರಿಸಲೇಬೇಕು: ನೀಲಿ ಛಾಯೆಯ ರಸ ಹನಿ ಬಿದ್ದಲ್ಲೆಲ್ಲ ಕೆಂಪಗೆ ತಿರುಗುತ್ತದೆ. ಹಣ್ಣಿನ ಬಣ್ಣ ಹುಳಿಯಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ. ಪಾತ್ರೆ ತೊಳೆಯುವಾಗ ಸೋಪು ತಾಗಿದ ಕಲೆ ಮತ್ತೆ ನೀಲಿಯಾಗುವುದೂ ಅದಕ್ಕೇ. ಒಂದಿಷ್ಟು ಕಾಳುಮೆಣಸಿನ ಪುಡಿ, ಸೈಂಧವ ಉಪ್ಪು ಸೇರಿಸಿ ಹರಡಿ ಇಡಿ. ತಿರುಳಿನಲ್ಲಿರುವ ಪೆಕ್ಟಿನ್ ಎಂಬ ಅಂಟು ಹರಳುಗಳನ್ನು ದೊಡ್ಡದಾಗಲು ಬಿಡುವುದಿಲ್ಲ, ಹಾಗಾಗಿ ನೇರಳೆ ಒಂದೇ ಸಲದ ಮಿಕ್ಸಿಗೆ ನುಣ್ಣಗಾಗುತ್ತದೆ. ಕರ್ವಂದಕ್ಕೆ ಮಾತ್ರ ಸ್ವಲ್ಪ ನೀರು ಹಾಕಿ ಐದು ನಿಮಿಷ ಬೇಯಿಸಿ ಸೋಸಬೇಕು. ಅದರ ಹಾಲು ತುಟಿಗೆ ಅಂಟುತ್ತದೆ.

ಇನ್ನೊಂದು, ಊರಿಂದ ಬರುವ ಸಾಮಗ್ರಿ. 1998ರ ಜನವರಿಯಲ್ಲಿ ಕೊಂಕಣ ರೈಲ್ವೆ ಪೂರ್ತಿಯಾದ ಮೇಲೆ ಮಂಗಳೂರಿಗೂ ಈ ಕಡೆಗೂ ನೇರ ದಾರಿಯಾಯಿತು. ಮತ್ಸ್ಯಗಂಧಾ ಎಕ್ಸ್‌ಪ್ರೆಸ್ಸಿನಿಂದ ಠಾಣೆಯಲ್ಲಿ ಇಳಿಯುವ ನಮ್ಮವರ ಚೀಲದಲ್ಲಿ ಕೆಂಪಕ್ಕಿ, ಹಪ್ಪಳದ ಜೊತೆ ಒಣಗಿಸಿದ ಪುನರ್ಪುಳಿ ಸಿಪ್ಪೆ ಇದ್ದೇ ಇರುತ್ತದೆ. ಒಂದು ಹಿಡಿ ಸಿಪ್ಪೆಯನ್ನು ಎರಡು ಲೋಟ ಬಿಸಿನೀರಿನಲ್ಲಿ ನೆನೆಸಿ, ಹಿಂಡಿ, ಸೋಸಿ, ಮುಕ್ಕಾಲು ಕಪ್ಪಿನಷ್ಟು ಸಕ್ಕರೆ, ಚಿಟಿಕೆ ಉಪ್ಪು, ಹುರಿದ ಜೀರಿಗೆ ಪುಡಿ ಹಾಕಿ ಡಬ್ಬಿಯಲ್ಲಿಡಿ. ತಿರುಳಿಲ್ಲದ ತೆಳು ರಸ ಇದು, ನುಣ್ಣಗಾಗಬೇಕೆಂದು ಹಟ ಹಿಡಿಯಬಾರದು. ಗಂಟೆಗೊಮ್ಮೆ ಮುಳ್ಳುಚಮಚದಿಂದ ಕೆರೆಯುತ್ತಾ ಹೋದರೆ ಕೆಂಪು ಹರಳುಗಳ ರಾಶಿಯಾಗುತ್ತದೆ. ಇಟಲಿಯ ಸಿಸಿಲಿಯಲ್ಲಿ ಇಂಥದ್ದನ್ನು ಗ್ರಾನಿಟಾ ಎನ್ನುತ್ತಾರೆ, ಬೆಳಗಿನ ತಿಂಡಿಗೇ ಬ್ರೆಡ್ಡಿನ ಜೊತೆ ತಿನ್ನುತ್ತಾರೆ. ಗಾಡಿಯ ಗೋಲಾ ಬೇಕೆಂದು ಅಳುವ ಮಕ್ಕಳಿಗೆ ಲೋಟದಲ್ಲಿ ಇದನ್ನು ಕೊಟ್ಟರೆ ಗೋಲಾ ಮರೆಯುತ್ತಾರೆ.

ಹಾಲು ಸೇರಿಸುವವರಿಗೆ ಒಂದೇ ಎಚ್ಚರಿಕೆ. ಹಸಿ ಅನಾನಸು, ಹಸಿ ಪಪ್ಪಾಯಿಯಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳಿವೆ. ಹಾಲಿಗೆ ಬಿದ್ದರೆ ಒಡೆದು ಕಹಿಯಾಗುತ್ತದೆ, ಫ್ರೀಜರಿನ ಚಳಿ ಅವನ್ನು ಕೊಲ್ಲುವುದಿಲ್ಲ. ಅನಾನಸನ್ನು ಸಕ್ಕರೆಯಲ್ಲಿ ಕುದಿಸಿ ಆರಿಸಿದರೆ ತೊಂದರೆಯಿಲ್ಲ. ಘೋಲ್ವಡದ ಚಿಕ್ಕು ಹಾಲಿಗೆ ಬಹಳ ಹೊಂದುತ್ತದೆ, ಸಕ್ಕರೆಯೂ ಹೆಚ್ಚು ಬೇಡ. ಬಾಳೆಹಣ್ಣಿಗಂತೂ ಹಾಲೂ ಬೇಡ, ಸಕ್ಕರೆಯೂ ಬೇಡ. ಸಿಪ್ಪೆ ಕಪ್ಪಾಗಿ, ಇನ್ನು ಯಾರೂ ತಿನ್ನುವುದಿಲ್ಲ ಎಂದಾದ ಹಣ್ಣನ್ನು ಬಿಲ್ಲೆ ಮಾಡಿ ಫ್ರೀಜರಿನಲ್ಲಿಟ್ಟು, ಗಟ್ಟಿಯಾದ ಮೇಲೆ ಮಿಕ್ಸಿಯಲ್ಲಿ ತಿರುಗಿಸಿ. ಮೊದಲು ಪುಡಿಯಾಗುತ್ತದೆ, ಆಗ ನಿಲ್ಲಿಸಬಾರದು. ಮತ್ತೆ ತಿರುಗಿಸಿದರೆ ಒಮ್ಮೆಲೇ ಬೆಣ್ಣೆಯಾಗುತ್ತದೆ. ಮಾಗಿದ ಬಾಳೆಯಲ್ಲಿ ಪಿಷ್ಟವೆಲ್ಲ ಸಕ್ಕರೆಯಾಗಿ ಶೇ 20ರಷ್ಟಿರುತ್ತದೆ, ಅದಕ್ಕೆ ಪೆಕ್ಟಿನ್ನೂ ಜೊತೆಯಾಗುತ್ತದೆ. ತಾಡ್‌ಗೋಳಾವನ್ನು ಮಾತ್ರ ದಯವಿಟ್ಟು ಫ್ರೀಜರಿನಿಂದ ದೂರ ಇಡಿ. ತಾಟಿನುಂಗಿನ ಸೊಗಸೆಲ್ಲ ಅದರ ಮೆದು ತಿರುಳು ಮತ್ತು ಒಳಗಿನ ನೀರಿನಲ್ಲಿದೆ. ತಂದ ದಿನವೇ ತಿನ್ನಬೇಕು.

ಫ್ರೀಜರೇ ಇಲ್ಲದವರೂ ಮಾಡಬಹುದು. ಮಹಾರಾಷ್ಟ್ರದ ಹಳೆಯ ಮನೆಗಳಲ್ಲಿ ಇವತ್ತಿಗೂ ಅಟ್ಟದ ಮೇಲೆ ಮರದ ಬಕೆಟ್ಟಿನ ಐಸ್‌ಕ್ರೀಮ್ ಪಾಟ್ ಸಿಗುತ್ತದೆ. ನಡುವಿನ ಡಬ್ಬಿಯಲ್ಲಿ ರಸ, ಸುತ್ತ ಮೂರು ಪಾಲು ಮಂಜುಗಡ್ಡೆಗೆ ಒಂದು ಪಾಲು ಕಲ್ಲುಪ್ಪು, ಮೇಲೆ ಕೈ ತಿರುಗಣೆ. ಉಪ್ಪು ಬಿದ್ದ ಮಂಜು ಕರಗತೊಡಗುತ್ತದೆ, ಕರಗಲು ಬೇಕಾದ ಶಾಖವನ್ನು ಸುತ್ತಲಿಂದ ಕಸಿಯುತ್ತದೆ. ಒಂದು ಕಿಲೋ ಮಂಜು ಕರಗಲು 334 ಕಿಲೋಜೂಲ್ ಬೇಕು. ಆ ಶಾಖ ಉಪ್ಪುನೀರಿನಿಂದಲೂ ರಸದಿಂದಲೂ ಹೋಗುವುದರಿಂದ ಉಪ್ಪುನೀರು ಮೈನಸ್ 21 ಡಿಗ್ರಿಯವರೆಗೂ ಇಳಿಯಬಲ್ಲದು, ಮನೆಯ ಫ್ರೀಜರಿಗಿಂತಲೂ ತಣ್ಣಗೆ. ಅಕ್ಬರನ ಕಾಲದಲ್ಲಿ ಪೆಟ್ಲುಪ್ಪು ಕರಗಿಸಿ ನೀರು ತಣಿಸುತ್ತಿದ್ದ ಬಗೆಯನ್ನು ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ಬರೆದಿಟ್ಟಿದ್ದಾನೆ. ರಜೆಯಲ್ಲಿ ನಾಲ್ಕು ಮಕ್ಕಳು ಸೇರಿದರೆ ಜಿಪ್ ಇರುವ ಚಿಕ್ಕ ಪ್ಲಾಸ್ಟಿಕ್ ಚೀಲದಲ್ಲಿ ಸಿಹಿ ರಸ, ಅದನ್ನು ಉಪ್ಪು-ಮಂಜು ತುಂಬಿದ ದೊಡ್ಡ ಚೀಲದಲ್ಲಿಟ್ಟು, ಟವೆಲ್ ಸುತ್ತಿ, ಸರದಿಯ ಮೇಲೆ ಅಲುಗಾಡಿಸಲು ಕೊಡಿ. ಟವೆಲ್ ಇಲ್ಲದೆ ಮುಟ್ಟಿದರೆ ಕೈ ಚರ್ಮ ಸುಡುತ್ತದೆ.

ಕರೆಂಟಿನ ಮಾತೂ ಹೇಳಬೇಕು. ಮುಂಬೈ ನಗರದಲ್ಲಿ ದೀಪ ಆರದಿದ್ದರೂ ಕಲ್ಯಾಣ-ಉಲ್ಹಾಸನಗರಗಳು ಗಂಟೆಗಟ್ಟಲೆ ಲೋಡ್‌ಶೆಡ್ಡಿಂಗ್ ಕಂಡ ವರ್ಷಗಳಿದ್ದವು. ಈಗ ಸುಧಾರಿಸಿದೆ, ಆದರೂ ಬೇಸಿಗೆಯಲ್ಲಿ ಕೈಕೊಡುವುದುಂಟು. ಕರಗಿ ಮತ್ತೆ ಹೆಪ್ಪುಗಟ್ಟಿದ್ದು ಒರಟಾಗುತ್ತದೆ, ಏಕೆಂದರೆ ಸಣ್ಣ ಹರಳುಗಳ ನೀರು ದೊಡ್ಡ ಹರಳುಗಳಿಗೆ ಅಂಟಿಕೊಳ್ಳುತ್ತದೆ. ಬರೀ ಹಣ್ಣಿನದ್ದಾದರೆ ಅದನ್ನು ಕೂಡಲೇ ಮತ್ತೆ ಮಿಕ್ಸಿಗೆ ಹಾಕಿ ಇಡಬಹುದು. ಹಾಲಿನದ್ದು ಪೂರ್ತಿ ಕರಗಿ ಬೆಚ್ಚಗಾಗಿದ್ದರೆ ಮತ್ತೆ ಇಡಬಾರದು, ಚೆಲ್ಲಿಬಿಡಬೇಕು.

ನೇರಳೆಯ ಋತು ಚಿಕ್ಕದು. ತಂದ ಹಣ್ಣೆಲ್ಲವನ್ನೂ ಒಂದೇ ದಿನ ಮಾಡಿ ಮುಗಿಸಬೇಕಿಲ್ಲ. ಸೋಸಿದ ತಿರುಳನ್ನು ಸಕ್ಕರೆ ಬೆರೆಸಿ ಚಿಕ್ಕ ಡಬ್ಬಿಗಳಲ್ಲಿ ಗಾಳಿಯಾಡದಂತೆ ಮುಚ್ಚಿಟ್ಟರೆ ದಸರೆಯವರೆಗೂ ಇರುತ್ತದೆ. ಬಡಿಸುವ ಹತ್ತು ನಿಮಿಷ ಮೊದಲು ಡಬ್ಬಿಯನ್ನು ಫ್ರೀಜರಿನಿಂದ ಕೆಳಗಿನ ಅರೆಗೆ ಇಳಿಸಬೇಕು, ಬಟ್ಟಲುಗಳನ್ನೂ ತಣ್ಣಗೆ ಮಾಡಿಕೊಂಡಿರಬೇಕು. ಮೊದಲ ಮಳೆ ಬಿದ್ದ ಮೇಲೆ ಬರುವ ಹಣ್ಣು ನೀರು ಕುಡಿದು ದಪ್ಪಗಿರುತ್ತದೆ, ರಸ ತೆಳು. ಆಗ ಅದೇ ಅರ್ಧ ಕಿಲೋ ರಸಕ್ಕೆ ಇನ್ನೊಂದೆರಡು ಚಮಚ ಸಕ್ಕರೆ ಹೆಚ್ಚು ಹಾಕಿ.